ಟೋಸ್ಟ್‌ಗೆ ಫ್ಲೋರಿನ್ ಬಾಯಿಯ ವೈನ್

“ಇದು ವೈನ್ ಅಲ್ಲ, ಜ್ಯೂಸ್!” ವರನ ಚಿಕ್ಕಪ್ಪ ಗ್ಲಾಸನ್ನು ಮೂಸಿ ಮೇಜಿನ ಮೇಲಿಟ್ಟರು. ಉರ್ವದ ನಮ್ಮ ನೆರೆಮನೆಯ ಫ್ಲೋರಿನ್ ಬಾಯಿಯ ಮಗಳ ನಿಶ್ಚಿತಾರ್ಥ. ಜೋಡಿಗೆ ಶುಭ ಕೋರಿ ಗ್ಲಾಸ್ ಎತ್ತುವ ಟೋಸ್ಟ್‌ಗೆಂದು ಎಲ್ಲರ ಕೈಯಲ್ಲೂ ಅವರು ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಇತ್ತು. “ನಂದಿ ಕಡೆಯ ಬೆಂಗಳೂರು ಬ್ಲೂ ಅಂದ್ರೆ ತಿನ್ನುವ ದ್ರಾಕ್ಷಿ. ನಾನು ನಾಸಿಕ್ ವೈನಿನ ಬಾಟಲಿ ತಂದಿದ್ದೇನೆ, ಟೋಸ್ಟ್ ಅದರಲ್ಲಿ ಆಗಲಿ,” ಎಂದರು ಚಿಕ್ಕಪ್ಪ.

ಸಂಬಂಧವೇ ಮುರಿದರೆ ಎಂದು ನಾನು ಬೆವರಿದೆ. ಬಿಸ್ಕತ್ತಿನ ಎಕ್ಸ್‌ಪೈರಿ ಡೇಟನ್ನೂ ಎರಡು ಸಲ ಓದುವ ಮನುಷ್ಯ ನಾನು. ಫ್ಲೋರಿನ್ ಬಾಯಿ ಮಾತ್ರ ಹೆದರಲಿಲ್ಲ.

“ನನ್ನ ಅಜ್ಜಿ ಇದೇ ದ್ರಾಕ್ಷಿಯಲ್ಲಿ ವೈನ್ ಮಾಡುವಾಗ ನಿಮ್ಮ ನಾಸಿಕ್‌ನವರು ದ್ರಾಕ್ಷಿ ಬರೀ ತಿಂತಾ ಇದ್ರು ಮಾರಾಯ್ರೆ! ನನ್ನ ಮಗಳ ಟೋಸ್ಟ್ ಇದರಲ್ಲೇ. ಬೇಡದವರಿಗೆ ನೀರು ಉಂಟು.”

ಮೊದಲು ಮೇಲೆದ್ದ ಗ್ಲಾಸ್ ಯಾರದೆಂದು ನೋಡಿದರೆ ನನ್ನದೇ! ಇನ್ನು ಇಳಿಸುವುದೆಂತು? ಒಂದೇ ಗುಟುಕಿಗೆ ಖಾಲಿ ಮಾಡಿದೆ. ಮದುಮಗ ನಕ್ಕು ತನ್ನದನ್ನೂ ಎತ್ತಿದ, ಹಿಂದೆಯೇ ಇಡೀ ಹಾಲ್ ಎತ್ತಿತು. ಚಿಕ್ಕಪ್ಪ ನೀರು ಕುಡಿದರು.

ವೈನಿಗೆ ಸಕ್ಕರೆ ಜಾಸ್ತಿಯಾಗಿತ್ತು, ನಿಜ. ಆದರೆ ಅದನ್ನು ಹೇಳುವುದಕ್ಕೆ ಉರ್ವದಲ್ಲಿ ನಾವಿದ್ದೇವೆ. ಬೇರೆ ಯಾರೂ ಬರಬೇಕಾಗಿಲ್ಲ.