ಹತ್ತಿ ಹೊಲದಲ್ಲಿ ಅಮೆರಿಕದ ಅಂತರ್ಯುದ್ಧ

ನನ್ನ ನೋಟ್ಸಿನ ಮೇಲೆ ನನಗೆ ಬಹಳ ಅಭಿಮಾನ. ಇಪ್ಪತ್ತು ವರ್ಷದಿಂದ ಸುರಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಅಮೆರಿಕದ ಅಂತರ್ಯುದ್ಧಕ್ಕೆ ನಾಲ್ಕು ಕಾರಣ ಎಂದರೆ ಮಕ್ಕಳು ತೆಪ್ಪಗೆ ನಾಲ್ಕು ಬರೆದುಕೊಳ್ಳುತ್ತಾರೆ. ಬಾಯಿ ತೆರೆದವರು ಬೋನಾಳದ ಅಮೃತಮ್ಮ ಒಬ್ಬರೇ.

ಐವತ್ತೆರಡು ವರ್ಷದ ಹೆಂಗಸು, ಹತ್ತಿ ಬಿಡಿಸುವ ಗುಂಪಿನ ಮುಂದಾಳು. ಹೊರಗಿನಿಂದ ಬಿ.ಎ.ಗೆ ಕಟ್ಟಿ, ಉಳಿದದ್ದನ್ನೆಲ್ಲ ದಾಟಿ, ಇತಿಹಾಸದ ಒಂದೇ ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರು. ಇದೇ ಕಡೆಯ ಅವಕಾಶ. ಈ ಸಲವೂ ಹೋದರೆ ನೋಂದಣಿ ರದ್ದು, ಇಷ್ಟು ವರ್ಷದ ಓದೆಲ್ಲ ನೀರುಪಾಲು. ಅದಕ್ಕೇ ಪ್ರತಿ ಭಾನುವಾರ ಬಸ್ಸು ಹಿಡಿದು ನನ್ನ ಮನೆಗೆ ಪಾಠಕ್ಕೆ ಬರುತ್ತಿದ್ದರು.

ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಂದ ಹತ್ತಿ ಬೆಳೆಸುತ್ತಿದ್ದರು ಎಂದು ನಾನು ಓದಿದ್ದೇ ತಡ, ಅಮೃತಮ್ಮ ಪೆನ್ನು ಕೆಳಗಿಟ್ಟರು.

"ಹತ್ತೀನ್ರಿ ಸರ್? ನಾವು ಬಿಡಸ್ತೀವಲ್ಲ, ಅದ ಹತ್ತಿ?"

"ಅದ ಹತ್ತಿ. ಬರಕೋರಿ. ಒಂದು, ಗುಲಾಮಗಿರಿ. ಎರಡು, ರಾಜ್ಯಗಳ ಹಕ್ಕು."

"ಎದರ ಹಕ್ಕರಿ?"

"ಗುಲಾಮರನ್ನ ಇಟ್ಕೊಳ್ಳೂ ಹಕ್ಕು. ಮೂರು, ಪಶ್ಚಿಮದ ಹೊಸ ನೆಲ."

"ಅಲ್ಲೇನು ಜಗಳರಿ?"

"ಅಲ್ಲಿಗೂ ಗುಲಾಮರನ್ನ ಒಯ್ಯಬೇಕೋ ಬ್ಯಾಡೋ ಅಂತ."

"ಹಂಗಾರ ಕಾರಣ ಒಂದ ಅದ. ನೀವು ಅದಕ್ಕ ಬ್ಯಾರೆ ಬ್ಯಾರೆ ಅಂಗಿ ತೊಡಸೀರಿ, ಅಷ್ಟ."

ನನಗೆ ಸಿಟ್ಟು ನೆತ್ತಿಗೇರಿತು. "ನಾಕು ಬರದ್ರ ಪಾಸು, ಒಂದು ಬರದ್ರ ಫೇಲು. ನಾಕನೇದು ಸುಂಕ. ಬಾಯಿಪಾಠ ಮಾಡ್ರಿ!"

ಮಾಡಿದರು. ಆದರೆ ಅಂಥ ಬಾಯಿಪಾಠವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹತ್ತಿ ಬಿಡಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಅಮೃತಮ್ಮ ಸಾಲಿನ ಜೊತೆಗೆ ಒಂದೊಂದು ಕಾರಣವನ್ನೂ ಹಂಚಿಬಿಟ್ಟರು. ಕರೆಮ್ಮನಿಗೆ ರಾಜ್ಯಗಳ ಹಕ್ಕು, ದೇವಕಮ್ಮನಿಗೆ ಹೊಸ ನೆಲ, ಮುದುಕಮ್ಮನಿಗೆ ಸುಂಕ. ಗುಲಾಮಗಿರಿಯನ್ನು ತಾವೇ ಇಟ್ಟುಕೊಂಡರು.

ಒಂದು ದಿನ ಹುಣಸಗಿಗೆ ಹೊರಟವನು ಹೊಲದ ಹತ್ತಿರ ಗಾಡಿ ನಿಲ್ಲಿಸಿದೆ. "ಎರಡನೇ ಸಾಲು!" ಎಂದು ಅಮೃತಮ್ಮ ಕೂಗಿದರೆ, ಉಡಿಗೆ ಹತ್ತಿ ತುಂಬುತ್ತಲೇ ಕರೆಮ್ಮ "ರಾಜ್ಯಗಳ ಹಕ್ಕು!" ಎನ್ನುತ್ತಿದ್ದಳು. ಉಳಿದವರು ಅದನ್ನೇ ಒಕ್ಕೊರಲಿನಿಂದ ಹೇಳುತ್ತಿದ್ದರು. ಮುದುಕಮ್ಮನದೊಂದೇ ತಕರಾರು: "ನನಗ್ಯಾಕವ್ವ ಈ ಒಣಾ ಸುಂಕ? ದೇವಕಮ್ಮಗ ಕೊಟ್ಟೀಯಲ್ಲ ನೆಲ, ಅದನ್ನ ನನಗ ಕೊಡು." ನಾನು ಬದುವಿನ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಪರೀಕ್ಷೆ ಮುಗಿಸಿ ಹೊರಬಂದಾಗ ಅಮೃತಮ್ಮನ ಮುಖ ಸಣ್ಣಗಾಗಿತ್ತು.

"ಮೂರು ಸಾಲು ಕಣ್ಣ ಮುಂದ ಬಂದ್ವು ಸರ್. ನಾಕನೇದು ಖಾಲಿ. ಮುದುಕಮ್ಮ ಮಗಳ ಬಾಣಂತನ ಅಂತ ಎಂಟು ದಿನದಿಂದ ಕೆಲಸಕ್ಕ ಬಂದಿಲ್ಲ. ಆಕಿ ಸಂಗಡ ಸುಂಕಾನೂ ಹೋತು."

"ಮತ್ತ ಏನ್ ಬರದ್ರಿ?"

"ಉಳಿದ ಹಾಳಿ ತುಂಬ ಗುಲಾಮಗಿರೀನ ಬರದೀನ್ರಿ. ನಮ್ಮಪ್ಪ ಸಾಹುಕಾರ್ರ ಮನ್ಯಾಗ ಜೀತ ಇದ್ದ. ಒಂದು ಯುಗಾದಿಗೆ, ವರ್ಷದ ಜೀತ ಮುಗೀತು, ಇನ್ನ ಬರಂಗಿಲ್ಲರಿ ಅಂದ. ನಿನ್ನ ಇಟ್ಕೊಳ್ಳೂದು ನಮ್ಮ ಹಕ್ಕು ಅಂದ್ರು. ಯಾರರೆ ಹಕ್ಕು ಅಂದ್ರ, ಯಾರ ಮ್ಯಾಲಿನ ಹಕ್ಕು ಅಂತ ಕೇಳಬೇಕು ಅಂತ ಬರದೀನಿ."

ನನ್ನ ನೋಟ್ಸಿನಲ್ಲಿ ಅಂಥ ಮಾತು ಒಂದೂ ಇರಲಿಲ್ಲ. "ಹೋತು ಬಿಡ್ರಿ!" ಎಂದು ಗದರಿದೆ. ಮನೆಗೆ ಹೋದರೆ ಊಟ ಸೇರಲಿಲ್ಲ.

ಬಂದದ್ದು ಐವತ್ತೆಂಟು! ಅಮೃತಮ್ಮನ ಅಂಕಪಟ್ಟಿ ನಮ್ಮ ಕಾಲೇಜಿಗೆ ಬಂದ ದಿನ ನಾನೇ ಹೊಲಕ್ಕೆ ಓಡಿದೆ. ಹೆಂಗಸರು ಕೇಕೆ ಹಾಕಿದರು. ಕರೆಮ್ಮ ಉಡಿಯ ಹತ್ತಿಯನ್ನೆಲ್ಲ ಅಮೃತಮ್ಮನ ತಲೆಯ ಮೇಲೆ ಸುರಿದಳು. ಮುದುಕಮ್ಮ ಬಿಂಕದಿಂದ, "ನಾ ಬಂದಿದ್ರ ಇನ್ನ ಹತ್ತು ಬರ್ತಿದ್ವು" ಎಂದಳು.

ಅಮೃತಮ್ಮ ಅಂಕವನ್ನು ನೋಡಲೇ ಇಲ್ಲ. ಅವರ ಬೆರಳು ಮೇಲೆಯೇ, ತಂದೆಯ ಹೆಸರಿನ ಮೇಲೆ ನಿಂತಿತ್ತು.

"ಸಾಹುಕಾರ್ರ ಮನ್ಯಾಗ ಅಪ್ಪನ್ನ ಒಬ್ಬರೂ ಹೆಸರು ಹಿಡದು ಕರೀಲಿಲ್ಲರಿ. 'ಲೇ' ಅಂದ್ರ ಓಡಿ ಹೋಗ್ತಿದ್ದ. ಸರ್, ಇದನ್ನ ಜೋರಾಗಿ ಓದ್ರಿ."

ನಾನು ಅಂಕಪಟ್ಟಿ ಎತ್ತಿ ಹಿಡಿದೆ. ಜೋರಾಗಿ ಓದಿದೆ. "ಹುಲಗಪ್ಪ."

ಕೇಳಿದ್ದನ್ನು ಒಕ್ಕೊರಲಿನಿಂದ ಹೇಳುವುದು ರೂಢಿಯಾಗಿಬಿಟ್ಟಿತ್ತಲ್ಲ, ನಾಲ್ಕೂ ಸಾಲಿನವರಿಂದ ಒಟ್ಟಿಗೇ ಕೂಗು ಬಂತು: "ಹುಲಗಪ್ಪ!"