ತಮ್ಮ ಮಾಡಿದ ಕರಿ ಅಟ್ಟೆ

ಬಸ್ ಡಿಪೋ ಎದುರಿನ ಎರಡಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಚಪ್ಪಲಿ ರಿಪೇರಿ ಅಂಗಡಿ. ಅದರ ಒಡತಿಗೆ ಮೊಳೆಯಮ್ಮ ಎಂದು ಹೆಸರಿಟ್ಟವರು ಡಿಪೋದ ಕಂಡಕ್ಟರುಗಳು. ಕೆಲಸ ಮಾಡುವಾಗ ಆಕೆ ನಾಲ್ಕೈದು ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಮೊಳೆ ಉದುರುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಎಂಬುದು ಗಿರಾಕಿಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಅಪ್ಪನಿಂದ ಕಲಿತ ಕಸುಬು. ಮೂವತ್ತು ವರ್ಷದಿಂದ ಊರಿನ ಹಿಮ್ಮಡಿಗಳನ್ನು ನೋಡಿ ನೋಡಿ ಅವಳಿಗೆ ಮನುಷ್ಯರ ಮೇಲೆ ಗೌರವ ಅಷ್ಟಕ್ಕಷ್ಟೆ. ಸವೆದ ಅಟ್ಟೆ ತಿರುಗಿಸಿ ನೋಡಿದರೆ ಸಾಕು. "ಬಲಗಾಲು ಎಳೀತೀರಿ. ಹೊಟ್ಟೆ ಮುಂದೆ, ನೀವು ಹಿಂದೆ," ಎಂದು ಬ್ಯಾಂಕಿನ ಮ್ಯಾನೇಜರಿಗೂ ಹೇಳಿದ್ದಳು. ಬರಿಯ ಅಂಟಿನಲ್ಲಿ ನಿಂತಿರುವ ಈಗಿನ ಬಣ್ಣಬಣ್ಣದ ಬೂಟುಗಳನ್ನು ಕಂಡರಂತೂ ಎರಡು ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತುತ್ತಿದ್ದಳು.

ಅಂಥವಳ ಒಬ್ಬನೇ ತಮ್ಮನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಓಟದ ಹುಚ್ಚು ಹಿಡಿಯಿತು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಲಿಫ್ಟುಗಳು ಅವನ ಕೈಯಲ್ಲೇ ಹತ್ತಿ ಇಳಿಯುತ್ತವೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯುವುದು ಮರ್ಯಾದೆಗೆ ಕಡಿಮೆ ಎನ್ನಿಸಿತೋ ಏನೋ, ಅವನು ಬೆಳಗಿನ ಓಟದವರ ಗುಂಪು ಸೇರಿದ. ಎರಡೇ ತಿಂಗಳಲ್ಲಿ ಕೈಗೆ ದಪ್ಪ ಗಡಿಯಾರ ಬಂತು, ಬಾಯಿಗೆ ಹೊಸ ಮಾತು ಬಂತು. ಊಟಕ್ಕೆ ಕರೆದರೂ "ಎರಡು ನಿಮಿಷ ನಲವತ್ತು ಸೆಕೆಂಡ್" ಎನ್ನತೊಡಗಿದ. ಅವತ್ತಿನಿಂದ ಅಕ್ಕ ಅವನನ್ನು ಸೆಕೆಂಡು ಎಂದೇ ಕರೆದಳು.

ಗುಂಪಿನಲ್ಲಿ ಮುಂದೆ ಓಡುವವರ ಬೂಟಿನೊಳಗೆ ಕಾರ್ಬನ್ ಫೈಬರಿನ ಹಲಗೆ ಇರುತ್ತದೆಂದು ಅವನಿಗೆ ಗೊತ್ತಾಯಿತು. ಅಂಥ ಬೂಟು ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ತನ್ನ ಹಳೆಯ ಬೂಟಿಗೆ ಕಾರ್ಬನ್ನಿನ ಒಳಅಟ್ಟೆಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಹೊರಟ. ಮೊದಲ ಪ್ರಯೋಗ ಅಡುಗೆಮನೆಯಲ್ಲಿ. ಎರಡು ಬಾಟಲಿಯ ಎಪಾಕ್ಸಿ ಅಂಟನ್ನು ಒಂದೇ ಸಲ ಒಂದು ಪ್ಲಾಸ್ಟಿಕ್ ಲೋಟಕ್ಕೆ ಸುರಿದು ಕಲಸಿದ. ಅದು ತಾನಾಗಿಯೇ ಕಾದು, ಹೊಗೆಯಾಡಿ, ಲೋಟ ಕರಗಿ, ಹೆಂಡತಿಯ ಹೊಸ ಒಲೆಕಟ್ಟೆಯ ಮೇಲೆ ಹರಿದು, ಅಲ್ಲೇ ಕಲ್ಲಾಯಿತು. ಹೆಂಡತಿ ಜಗಳವಾಡಲಿಲ್ಲ. ಅವನ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟಳು.

ಚೀಲ ಅಕ್ಕನ ಅಂಗಡಿಗೆ ಬಂತು.

"ಏನೋ ಇದು, ಮನೆ ಬಿಟ್ಟು ಬಂದ್ಯಾ?"

"ಇಲ್ಲ ಅಕ್ಕ, ಸ್ವಲ್ಪ ಜಾಗ ಬೇಕಿತ್ತು. ಈ ಅಟ್ಟೆ ಸ್ಪ್ರಿಂಗ್ ತರ. ಕಾಲನ್ನ ಮುಂದಕ್ಕೆ ತಳ್ಳತ್ತೆ."

"ನಿನ್ನನ್ನ ತಳ್ಳೋಕೆ ನಿನ್ನ ಹೆಂಡತಿ ಒಬ್ಬಳು ಸಾಕಾಗಲ್ವಾ? ಬಾಗಿಲಾಚೆವರೆಗೂ ತಳ್ಳಿದಾಳಲ್ಲ."

ಆದರೂ ಅಂಗಡಿಯ ಹಿಂದಿನ ಮೂಲೆ ಬಿಟ್ಟುಕೊಟ್ಟಳು. ರಜೆಯ ದಿನ ಬಂದು ಅವನು ಕಪ್ಪು ನೇಯ್ಗೆಯ ಬಟ್ಟೆ ಹರಡಿದ. ಕತ್ತರಿ ಇಟ್ಟಲ್ಲೆಲ್ಲ ಅದರ ಎಳೆ ಬಿಚ್ಚಿಕೊಳ್ಳುತ್ತಿತ್ತು. ಅಂಟು ಸವರಿ, ಆರು ಪದರ ಒಂದರ ಮೇಲೊಂದು ಜೋಡಿಸಿ, ಕಂಬಳಿ ಇಡುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕಸ ಹೀರುವ ಯಂತ್ರದಿಂದ ಗಾಳಿ ತೆಗೆದ. ಮೊಳೆಯಮ್ಮ ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು. ಚೀಲದೊಳಗೆ ಆಕಾರಕ್ಕೆಂದು ಅವನು ಏನನ್ನು ಇಟ್ಟಿದ್ದ ಎಂಬುದು ಮಾತ್ರ ಅವಳ ಕಣ್ಣು ತಪ್ಪಿತ್ತು.

ಮಾರನೆಯ ದಿನ ಬಿಚ್ಚಿದಾಗ ತಿಳಿಯಿತು. ಒಳಗಿದ್ದದ್ದು ಅಪ್ಪನ ಕಾಲದ, ಪಾದದ ಆಕಾರದ ಮರದ ಅಚ್ಚು. ಅಪ್ಪ ಕೈಯಾರೆ ಕೆತ್ತಿದ್ದು. ಅಂಟು ಅದನ್ನು ಬಿಗಿಯಾಗಿ ಕಚ್ಚಿ ಹಿಡಿದಿತ್ತು. ಉಳಿ ಹಾಕಿ ಎಬ್ಬಿಸಿದರೆ ಮರದ ಚಕ್ಕೆಯೂ ಜೊತೆಗೇ ಎದ್ದು ಬಂತು.

ಮೊಳೆಯಮ್ಮ ತುಟಿಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅದನ್ನು ಕಂಡೇ ತಮ್ಮ ಎರಡು ಹೆಜ್ಜೆ ಹಿಂದೆ ಸರಿದ.

"ಹೊರಗೆ ಹೋಗು," ಎಂದಳು. ಅಷ್ಟೇ.

ಹದಿನೈದು ದಿನ ಅವನ ಮುಖ ನೋಡಲಿಲ್ಲ. ಗಾಜಿನ ಚೂರಿನಿಂದ ಆ ಅಚ್ಚನ್ನು ಕೆರೆದಳು, ಸ್ಯಾಂಡ್ ಪೇಪರಿನಿಂದ ಉಜ್ಜಿದಳು, ಎಣ್ಣೆ ಕುಡಿಸಿದಳು. ಹಿಮ್ಮಡಿಯ ಹತ್ತಿರದ ಗಾಯ ಉಳಿದೇ ಉಳಿಯಿತು. ಹದಿನಾರನೆಯ ದಿನ ಅವನು ಬಂದು ಮೆಟ್ಟಿಲ ಹತ್ತಿರ ನಿಂತ. ಹೋಗು ಅಂದರೆ ಹೋಗಲಿಲ್ಲ. ಕೊನೆಗೆ ಅವಳೇ ಸೋತಳು.

"ಹಾಳಾಗೋದಾದ್ರೆ ನನ್ನ ಕಣ್ಣೆದುರಿಗೇ ಹಾಳಾಗು. ಅಚ್ಚಿಗೆ ಮೊದಲು ಮೇಣ ಸವರಬೇಕು, ಆಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಅಷ್ಟೂ ಗೊತ್ತಿಲ್ಲದೆ ವಿಜ್ಞಾನಿ ಆಗೋಕೆ ಹೊರಟಿದೀಯ. ಮೂಗಿಗೆ ಬಟ್ಟೆ ಕಟ್ಟು, ಆ ಕರಿ ಧೂಳು ಒಳಗೆ ಹೋದ್ರೆ ಗಡಿಯಾರಾನೂ ನಿಲ್ಲತ್ತೆ, ನೀನೂ ನಿಲ್ತೀಯ."

ಈ ಸಲ ಅಟ್ಟೆ ಚೆಂದವಾಗಿಯೇ ಬಂತು. ನುಣುಪಾಗಿ, ಕಪ್ಪಗೆ, ಬೆರಳಿಂದ ತಟ್ಟಿದರೆ ಟಣ್ ಎನ್ನುವಂತೆ. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೂ ಬಗ್ಗಲಿಲ್ಲ.

"ಕಾಲು ಬೆರಳಿನ ಬುಡದಲ್ಲಿ ಮಡಚತ್ತೆ ಕಣೋ. ಇದು ಮಡಚಲ್ಲ. ಆಗ ಭಾರ ಎಲ್ಲಾ ಎಲ್ಲಿಗೆ ಹೋಗತ್ತೆ?"

"ಅದೇ ಅಕ್ಕ ಇದರ ಗುಟ್ಟು!"

"ನಿನ್ನ ಮೀನಖಂಡಕ್ಕೆ ಹೋಗತ್ತೆ. ಅದೇ ಇದರ ಗುಟ್ಟು."

ಅವನು ಸೊಪ್ಪು ಹಾಕಲಿಲ್ಲ. ಡಿಪೋ ಹಿಂದಿನ ರಸ್ತೆಯಲ್ಲಿ ಓಡಿ ನೋಡಿ, ಹನ್ನೊಂದು ಸೆಕೆಂಡ್ ಉಳಿಯಿತು ಎಂದು ಕುಣಿದಾಡಿದ. ಅವತ್ತು ಅಲ್ಲಿನ ನಾಯಿ ಅಟ್ಟಿಸಿಕೊಂಡು ಬಂದಿತ್ತೆಂದು ಡಿಪೋದ ಕಾವಲುಗಾರ ಹೇಳಿದ್ದು ಅವನ ಲೆಕ್ಕಕ್ಕೆ ಸೇರಲಿಲ್ಲ.

ಊರಿನ ಹತ್ತು ಕಿಲೋಮೀಟರ್ ಓಟದ ದಿನ ಮೊಳೆಯಮ್ಮನೂ ಹೋದಳು. ಹುರಿದುಂಬಿಸಲಿಕ್ಕಲ್ಲ, ತನ್ನ ಮಾತು ನಿಜವಾಗುವುದನ್ನು ಕಣ್ಣಾರೆ ನೋಡಲಿಕ್ಕೆ. ಏಳನೆಯ ಕಿಲೋಮೀಟರಿನ ಹತ್ತಿರ, ನೀರು ಕೊಡುವ ಮೇಜಿನ ಪಕ್ಕ ನಿಂತಳು. ತಮ್ಮ ಕಾಣುವ ಮೊದಲೇ ಅವನ ಸದ್ದು ಕೇಳಿತು. ಕರಕ್, ಕರಕ್, ಕರಕ್. ಬೂಟಿನೊಳಗೆ ಹಲಗೆ ಉಜ್ಜುತ್ತಿತ್ತು. ಹಾಳುಬಿದ್ದ ಮನೆಯ ಬಾಗಿಲೊಂದು ಓಡಿ ಬಂದ ಹಾಗೆ ಬಂದ. ನೀರು ಕೊಡುತ್ತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮೇಜಿನಿಂದ ಹತ್ತು ಹೆಜ್ಜೆ ದಾಟಿದವನೇ ಮೀನಖಂಡ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕುಸಿದ.

ಮೊಳೆಯಮ್ಮ ಹೋಗಿ ಅವನ ಬೂಟು ಕಿತ್ತಳು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ಕೆಂಪಾಗಿತ್ತು. ಹೇಳಬೇಕೆಂದು ಹತ್ತು ಮಾತು ಜೋಡಿಸಿಟ್ಟುಕೊಂಡಿದ್ದಳು. ಅವನ ಮುಖ ನೋಡಿ ಒಂಬತ್ತನ್ನು ನುಂಗಿದಳು.

"ಎಷ್ಟು ಸೆಕೆಂಡ್ ಉಳೀತು?" ಎಂದಷ್ಟೇ ಕೇಳಿದಳು.

ಅಟ್ಟೆಗಳನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು, ಬರಿ ಬೂಟು ಹಾಕಿಸಿ ಎಬ್ಬಿಸಿದಳು. ಉಳಿದ ಮೂರು ಕಿಲೋಮೀಟರನ್ನು ಅವನು ಕುಂಟಿಕೊಂಡೇ ಮುಗಿಸಿದ. ಅಭ್ಯಾಸದ ಓಟಕ್ಕಿಂತ ಹತ್ತೊಂಬತ್ತು ನಿಮಿಷ ತಡವಾಗಿತ್ತು.

ಇಲ್ಲಿ ಮೊಳೆಯಮ್ಮನ ಒಂದು ಸಂಗತಿ ಹೇಳಬೇಕು. ಅಟ್ಟೆ ಉಜ್ಜುವ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತು ಅವಳ ಬಲಗಾಲಿನ ಹೆಬ್ಬೆರಳ ಕೀಲು ಸವೆದಿತ್ತು. ಹೆಜ್ಜೆ ಎತ್ತಿದಾಗಲೆಲ್ಲ ಸೂಜಿ ಚುಚ್ಚಿದ ಹಾಗೆ. "ಬೆರಳು ಮಡಚದ ಹಾಗೆ ಗಟ್ಟಿ ಅಟ್ಟೆ ಹಾಕ್ಕೊಳಿ" ಎಂದು ಮೂಳೆ ಡಾಕ್ಟರಮ್ಮ ಹೇಳಿದ್ದರು. ಅಟ್ಟೆಯ ವಿಷಯ ತನಗೆ ಇನ್ನೊಬ್ಬರು ಹೇಳುವುದೇ ಎಂದು ಮೂಗು ಮುರಿದು ಬಂದಿದ್ದಳು. ನೋವನ್ನು ಯಾರಿಗೂ ತೋರಿಸಿರಲಿಲ್ಲ.

ಓಟ ಮುಗಿದ ವಾರ, ಆ ಕರಿ ಅಟ್ಟೆಯನ್ನು ತುಂಡು ಮಾಡಿ ಯಾವುದಾದರೂ ಬೂಟಿನ ನಡುಭಾಗಕ್ಕೆ ಆಸರೆಯಾಗಿ ಹಾಕೋಣವೆಂದು ಗರಗಸ ಎತ್ತಿಕೊಂಡವಳು, ಎರಡು ಕೈಯಲ್ಲಿ ಅದನ್ನು ಇನ್ನೊಮ್ಮೆ ಬಗ್ಗಿಸಿ ನೋಡಿದಳು. ಬಗ್ಗಲಿಲ್ಲ. ಡಾಕ್ಟರಮ್ಮನ ಮಾತು ಕಿವಿಯಲ್ಲಿ ಸುಳಿಯಿತು. ಯಾರೂ ಇಲ್ಲವೆಂದು ರಸ್ತೆಯ ಎರಡೂ ಕಡೆ ನೋಡಿ, ತಮ್ಮನ ಅಳತೆಯ ಅಟ್ಟೆಯನ್ನು ತನ್ನ ಅಳತೆಗೆ ಕೊಯ್ದು, ಅಂಚು ನುಣುಪು ಮಾಡಿ, ಮೇಲೆ ತೆಳುವಾದ ಚರ್ಮ ಅಂಟಿಸಿ ಬಲಗಾಲಿನ ಬೂಟಿನೊಳಗೆ ತೂರಿಸಿದಳು. ಸಂಜೆ ಷಟರ್ ಎಳೆಯುವಾಗ ನೆನಪಾಯಿತು, ಮಧ್ಯಾಹ್ನದಿಂದ ತಾನು ಒಮ್ಮೆಯೂ ಸ್ಟೂಲಿನ ಮೇಲೆ ಕೂತಿಲ್ಲ.

ತಿಂಗಳು ಕಳೆದರೂ ಬಾಯಿ ಬಿಡಲಿಲ್ಲ. ಒಂದು ದಿನ ಬಸ್ಸು ಹಿಡಿಯಲು ರಸ್ತೆ ದಾಟುತ್ತಿದ್ದವಳನ್ನು ತಮ್ಮನೇ ಕಂಡ.

"ಅಕ್ಕಾ, ನೀನು ಕುಂಟ್ತಾ ಇಲ್ವಲ್ಲ!"

"ನಾನು ಯಾವಾಗ ಕುಂಟ್ತಿದ್ದೆ?"

"ನಾಲ್ಕು ವರ್ಷದಿಂದ. ಬಲಗಾಲಿನ ಬೂಟು ತೆಗಿ ನೋಡೋಣ."

ಬಸ್ಸು ಹೊರಟುಹೋಯಿತು. ನಿಲ್ದಾಣದ ಬೆಂಚಿನ ಮೇಲೆ ಕೂತು ಅವನು ಅವಳ ಬೂಟಿನಿಂದ ತನ್ನ ಅಟ್ಟೆಯನ್ನು ಹೊರತೆಗೆದ. ಅವನ ಮುಖ ಅರಳಿದ್ದು ಕಂಡು ಅವಳಿಗೆ ಮೈ ಉರಿಯಿತು.

"ಜಂಬ ಪಡಬೇಡ. ಓಡೋದಕ್ಕೆ ಅಂತ ಮಾಡಿದ್ದು ನಿಂತ್ಕೊಳೋದಕ್ಕೆ ಬಂದಿದೆ. ಹಿಮ್ಮಡಿ ಹತ್ತಿರ ದಪ್ಪ ಜಾಸ್ತಿ, ಬದಿ ಒತ್ತತ್ತೆ."

"ಹೊಸದು ಮಾಡಿಕೊಡ್ಲಾ?"

"ಮಾಡು. ಆರು ಪದರ ಬೇಡ, ನಾಲ್ಕು ಸಾಕು."

ಅವನು ಮಾಡಿದ. ಅವಳು ತಿರಸ್ಕರಿಸಿದಳು. ಮತ್ತೆ ಮಾಡಿದ, ಅದನ್ನೂ ಎಸೆದಳು. ಐದನೆಯದು ಕೂತಿತು. ಓಟಕ್ಕೆ ಅವನು ಈಗ ಸಾದಾ ಬೂಟನ್ನೇ ಹಾಕುತ್ತಾನೆ. ಗುಂಪಿನಲ್ಲಿ ಹಿಂದಿನಿಂದ ಮೂರನೆಯವನು, ಸಕ್ಕರೆ ಮಾತ್ರ ಹತೋಟಿಯಲ್ಲಿದೆ.

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಮ್ಮ ಆ ಅಟ್ಟೆಯನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ಬಹಳ ಹೊತ್ತು ನೋಡಿದರು.

"ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು? ನನ್ನ ಬೇರೆ ಪೇಷೆಂಟುಗಳಿಗೂ ಬೇಕಾಗತ್ತೆ."

"ನನ್ನ ತಮ್ಮ," ಎಂದಳು ಮೊಳೆಯಮ್ಮ ಬೂಟಿನ ದಾರ ಬಿಗಿಯುತ್ತಾ. "ಫೋನ್ ನಂಬರ್ ಬರ್ಕೊಳಿ. ಬೆಳಿಗ್ಗೆ ಹೊತ್ತು ಮಾಡಬೇಡಿ, ಆಗ ಅವನು ಓಡ್ತೀನಿ ಅಂದ್ಕೊಂಡಿರ್ತಾನೆ."