ಅಕ್ಟೋಬರ್ ಪುಟದ ಅಣಬೆ

ದಸರಾ ಮುಗಿದ ನಂತರದ ಮೊದಲ ಸೋಮವಾರ, ಬೆಳಿಗ್ಗೆ ಆರೂಕಾಲು ಗಂಟೆ. ಸ್ಥಳ: ಅಫಜಲಪುರದಿಂದ ಘತ್ತರಗಿಗೆ ಹೋಗುವ ರಸ್ತೆಯ ಬದಿಯ ಹುಲ್ಲು. ಹಾಜರಿದ್ದವರು: ವಕೀಲ ಸಿದ್ರಾಮಪ್ಪನವರು, ಒಂದು ಅಣಬೆ ಮತ್ತು ನಾನು. ಮೂವರಲ್ಲಿ ನೆಟ್ಟಗೆ ನಿಂತವರು ಅಣಬೆ ಮತ್ತು ನಾನು. ವಕೀಲರು ಹೊಟ್ಟೆ ಅಡಿಯಾಗಿ ಮಲಗಿದ್ದರು.

“ಸಿಸ್ಟರ್, ಸೆರಗು ಸೊಂಟಕ್ಕ ಸಿಗಿಸ್ರಿ. ಅದರ ಗಾಳಿಗಿ ಅಣಬಿ ಅಲಗಾಡಾಕತ್ತದ,” ಎಂದರು.

“ಅಲಗಾಡಾಕತ್ತದ್ದು ಅಣಬಿ ಅಲ್ಲ ವಕೀಲ್ರ, ನಿಮ್ಮ ಹೊಟ್ಟಿ,” ಎಂದೆ.

ಅವರು ಉಸಿರು ಬಿಗಿಹಿಡಿದರು. ಕ್ಯಾಮೆರಾ ಕ್ಲಿಕ್ ಎಂದಿತು.

ನಾನು ಜೇವರ್ಗಿ, ಆಳಂದ, ಕೊನೆಗೆ ಅಫಜಲಪುರದ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳೂವರೆಗೆ ಉಪಾಹಾರ. ನಿವೃತ್ತಿಯ ನಂತರವೂ ಇದು ಬದಲಾಗಿಲ್ಲ. ವಕೀಲರದು ಎದುರು ಮನೆ. ಅವರ ಮನೆಯಲ್ಲಿ ಗಡಿಯಾರ ಶೋಭೆಗೆ ಇತ್ತು. ಊಟ ಯಾವಾಗಲೋ, ಸ್ನಾನ ಯಾವಾಗಲೋ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಗನದು. ಮಳೆಗಾಲ ಹಿಂದೆ ಸರಿಯುವ ಆ ಕೆಲವು ವಾರ ಮಾತ್ರ ನಸುಕಿಗೇ ಎದ್ದು ಗೇಟಿನಲ್ಲಿ ನಿಲ್ಲುತ್ತಿದ್ದರು. ಆ ಹೊತ್ತಿಗೆ ಓಣಿಯಲ್ಲಿ ಎಚ್ಚರವಿದ್ದವಳು ನಾನೊಬ್ಬಳೇ. ಹಾಗಾಗಿ ಕೊಡೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

“ಕೋರ್ಟಿಗಿ ಒಂದಿನಾನೂ ಟೈಮಿಗಿ ಹೋಗಂಗಿಲ್ಲ, ಇದಕ್ಕ ಬರ್ತೀರಿ,” ಎಂದರೆ, “ಜಜ್ ಸಾಹೇಬ್ರು ವಾಯಿದಾ ಕೊಡ್ತಾರ್ರಿ, ಅಣಬಿ ಕೊಡಂಗಿಲ್ಲ. ಮಧ್ಯಾಹ್ನಕ್ಕ ಬಾಡಿ ಹೋಗ್ತದ,” ಎನ್ನುತ್ತಿದ್ದರು.

ಒಂದು ಅಣಬೆಗೆ ಅವರು ಮಾಡುತ್ತಿದ್ದ ಉಪಚಾರವನ್ನು ನನ್ನ ವಾರ್ಡಿನ ಯಾವ ರೋಗಿಯೂ ಕಂಡಿರಲಾರ. ಮೊದಲು ಜೋಳ ತುಂಬಿದ ಪುಟ್ಟ ಬಟ್ಟೆಚೀಲವನ್ನು ನೆಲಕ್ಕಿಟ್ಟು, ಅದನ್ನು ತಟ್ಟಿ ಗುಂಡಿ ಮಾಡಿ, ಕ್ಯಾಮೆರಾ ಕೂರಿಸುವುದು. ಬಿಸಿಲು ಬೀಳದಂತೆ, ಗಾಳಿ ಬಡಿಯದಂತೆ ನಾನು ಬಿಳಿ ಕೊಡೆ ಹಿಡಿಯುವುದು. ಬೆರಳು ಒತ್ತಿದ ಅದುರಾಟ ಚಿತ್ರಕ್ಕೆ ತಾಗಬಾರದೆಂದು, ಒತ್ತಿದ ಎರಡು ಸೆಕೆಂಡಿನ ಮೇಲೆ ತಾನೇ ತೆಗೆಯುವಂತೆ ಕ್ಯಾಮೆರಾಕ್ಕೆ ಹೇಳಿಡುವುದು. ಆಮೇಲೆ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ, ಟೋಪಿಯ ಮೇಲಿನ ಕಂದು ಹೊಪ್ಪಳೆಗಳನ್ನು ಒಂದೊಂದಾಗಿ ನೋಡುವುದು. ಒಂದು ಮಸುಕಾಗಿದ್ದರೂ ಮತ್ತೆ ಮೊದಲಿನಿಂದ. ಬೇರೆಯವರು ಮೊಬೈಲಿನಲ್ಲಿ ತೆಗೆದದ್ದನ್ನು ತೋರಿಸಿದರೆ ಮುಖ ಸಿಂಡರಿಸುತ್ತಿದ್ದರು: “ಇದು ಫೋಟೋ ಅಲ್ಲ ತಮ್ಮಾ, ಗಾಳಿಸುದ್ದಿ.”

ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ಅದೊಂದೇ ಇತ್ತು. ಅಣಬೆಯನ್ನು ಮುಟ್ಟಬಾರದು. “ಸಾಕ್ಷಿದಾರಗ ಕೈ ಹಚ್ಚಿದ್ರ ಕೇಸು ಬಿತ್ತು. ಹ್ಯಾಂಗ ನಿಂತದ ಹಂಗೇ ದಾಖಲಾಗಬೇಕು.” ನಾನು ಕೋಲಿನಿಂದ ಒಂದನ್ನು ಸರಿಸಲು ಹೋದಾಗ ಇಡೀ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಆ ದಿನ ನೆಮ್ಮದಿಯಾಗಿ ಕಳೆಯಿತು.

ಒಮ್ಮೆ ಆಳಂದ ಕಡೆಯ ಮದುವೆಗೆಂದು ನನ್ನನ್ನೂ ಕರೆದುಕೊಂಡು ಹೊರಟವರು ಮಟಕಿ ಊರಿನ ಹತ್ತಿರ ಕಾರು ನಿಲ್ಲಿಸಿ, ಮದುವೆಯ ಬಟ್ಟೆಯಲ್ಲೇ ತೊಗರಿ ಹೊಲದ ಬದುವಿನ ಮೇಲೆ ಮಲಗಿಬಿಟ್ಟರು. ಹೊಲದವ ಓಡಿ ಬಂದ.

“ಏನಾತ್ರಿ, ಹಾವು ಕಡೀತೇನ್ರಿ?”

ವಕೀಲರು ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು. ಅವನು ನನ್ನತ್ತ ತಿರುಗಿದ. “ಅಕ್ಕಾರ, ಇವ್ರಿಗಿ ಏನಾಗ್ಯಾದ್ರಿ?”

“ಹವ್ಯಾಸ,” ಎಂದೆ.

“ಅಯ್ಯ ಪಾಪ. ಔಷಧ ಇಲ್ಲೇನ್ರಿ ಅದಕ್ಕ?”

ಹುಚ್ಚು ಅವರ ಮಟ್ಟಿಗೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವಕೀಲರು ತಮ್ಮ ಅಣಬೆಗಳ ಕ್ಯಾಲೆಂಡರ್ ಅಚ್ಚು ಹಾಕಿಸಿದರು. ಅಮಾವಾಸ್ಯೆ, ಹುಣ್ಣಿಮೆ, ಹಬ್ಬಗಳೆಲ್ಲ ಅದರಲ್ಲಿದ್ದವು. ತಮ್ಮ ಹೆಸರು ಮಾತ್ರ ಹಬ್ಬಗಳಿಗಿಂತ ದೊಡ್ಡ ಅಕ್ಷರದಲ್ಲಿತ್ತು. ಓಣಿಯ ಮನೆಮನೆಗೆ, ಕಕ್ಷಿಗಾರರಿಗೆ, ಅಂದೋಲಾದ ಬೀಗರಿಗೆ ಪುಕ್ಕಟೆ ಹಂಚಿದರು. ಅಕ್ಟೋಬರ್ ಪುಟಕ್ಕೆ ಆ ಸೋಮವಾರದ ಅಣಬೆ. ಬಿಳಿ ಟೋಪಿ, ಕಂದು ಹೊಪ್ಪಳೆ, ಒಂದೊಂದು ಗೆರೆಯೂ ಸೂಜಿಯಲ್ಲಿ ಕೊರೆದ ಹಾಗೆ. ಚಿತ್ರ ಚೆನ್ನಾಗಿತ್ತು, ಅಲ್ಲಗಳೆಯುವುದಿಲ್ಲ. ಅದರ ಕೆಳಗೆ ಅಚ್ಚಾಗಿತ್ತು: ‘ತಿನ್ನಲು ಯೋಗ್ಯ.’

“ಇದು ನಿಮಗ ಹ್ಯಾಂಗ ಗೊತ್ತು?” ಎಂದು ಕೇಳಿದ್ದೆ.

“ನೋಡಿದ್ರ ಗೊತ್ತಾಗಂಗಿಲ್ಲೇನ್ರಿ? ಎಷ್ಟು ಸ್ವಚ್ಛ ಅದ,” ಎಂದಿದ್ದರು. ಮೂವತ್ತು ವರ್ಷ ಸಾಕ್ಷಿಗಳಿಗೆ ಪಾಟೀಸವಾಲು ಹಾಕಿದವರ ಉತ್ತರವಿದು.

ಮರುವರ್ಷ ಅಕ್ಟೋಬರಿನ ಒಂದು ಮಧ್ಯಾಹ್ನ ಹಿಂದಿನ ಓಣಿಯ ಭೀಮರಾಯ ನನ್ನ ಬಾಗಿಲು ಬಡಿದ. ಹೆಂಡತಿ ಈರಮ್ಮ ಮತ್ತು ಮಗಳು ಐಶೂಗೆ ವಾಂತಿಭೇದಿ ನಿಲ್ಲುತ್ತಿರಲಿಲ್ಲ. ಹೋಗಿ ನೋಡಿದರೆ ಮಗುವಿನ ಕಣ್ಣುಗಳು ಒಳಗಿಳಿದಿದ್ದವು, ನಾಡಿ ಬೆರಳಿಗೆ ಸಿಗದಷ್ಟು ಸಣ್ಣಗಾಗಿತ್ತು. ಇಬ್ಬರನ್ನೂ ಆಸ್ಪತ್ರೆಗೆ ಹಾಕಿ ಸಲೈನ್ ಏರಿಸಿದೆವು. ಏನು ತಿಂದರು ಎಂದು ಡಾಕ್ಟರು ಕೇಳಿದಾಗ ಭೀಮರಾಯ ಮನೆಗೆ ಓಡಿ, ಅಡುಗೆಗೆ ಹಾಕದೆ ಉಳಿದಿದ್ದ ಒಂದು ಅಣಬೆಯನ್ನೂ ಗೋಡೆಯ ಕ್ಯಾಲೆಂಡರನ್ನೂ ತಂದ.

“ಹಿತ್ತಲ ಹುಲ್ಲಿನಾಗ ಎದ್ದಿತ್ರಿ. ಇದಕ್ಕ ಹಿಡದು ಹೋಲಿಸಿ ನೋಡೇ ಮಾಡ್ಯಾರ,” ಎಂದ.

“ಫೋಟೋ ನೋಡಿ ಯಾರರ ಅಡಗಿ ಮಾಡ್ತಾರೇನೋ?” ಎಂದು ಗದರಿದೆ.

“ಕ್ಯಾಲೆಂಡರದಾಗ ಅಮಾಸಿ ಹುಣ್ಣಿಮಿ ಖರೆ ಇರ್ತಾವ. ಅಣಬಿ ಸುಳ್ಳ ಹ್ಯಾಂಗ ಇರ್ತದ್ರಿ ಅಕ್ಕಾರ?”



ಸುದ್ದಿ ಕೇಳಿ ವಕೀಲರು ಬಂದರು. ಮಗುವನ್ನು ನೋಡುವುದಕ್ಕೆ ಮೊದಲು ಕ್ಯಾಲೆಂಡರ್ ನೋಡಿದರು. “ಫೋಟೋ ಪಕ್ಕಾ ಶಾರ್ಪ್ ಅದ ಸಿಸ್ಟರ್. ಗೆರಿ ಗೆರಿ ಕಾಣಾಕತ್ತಾವ. ಇವ್ರೇ ಸರಿ ನೋಡಿಲ್ಲ.”

“ಇವ್ರು ಸರಿ ನೋಡ್ಯಾರ. ನೋಡದವ್ರು ನೀವು,” ಎಂದು ಆ ಅಣಬೆಯನ್ನು ಬೋರಲು ಹಾಕಿ ಅವರ ಅಂಗೈಯಲ್ಲಿಟ್ಟೆ. ಟೋಪಿಯ ಅಡಿಯ ಪದರಗಳು ಪಾಚಿಯಂತೆ ಹಸಿರಾಗಿದ್ದವು. ಹಾಗೆ ಹಸಿರಾಗುವ ಜಾತಿ ವಿಷದ್ದು ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು.

ಅಷ್ಟು ವರ್ಷಗಳಲ್ಲಿ ಅಣಬೆಯೊಂದು ಅವರ ಕೈಯಲ್ಲಿದ್ದದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. “ಇದರ ಕೆಳಗ ನಾ ಬಗ್ಗಿ ನೋಡೇ ಇಲ್ರಿ,” ಎಂದರು. ಆಮೇಲೆ ಐಶೂಳ ಮಂಚದ ಹತ್ತಿರ ಹೋಗಿ ನಿಂತರು. ಮರುದಿನ ಸಂಜೆ ಈರಮ್ಮ ಎದ್ದು ಕೂತು, ಹುಡುಗಿ ಗಂಜಿ ಕೇಳುವವರೆಗೆ ಮನೆಗೆ ಹೋಗಲಿಲ್ಲ.

ಆದರೆ ಆ ಪುಟ ಇನ್ನೂ ಎಷ್ಟೋ ಗೋಡೆಗಳ ಮೇಲೆ ತೆರೆದುಕೊಂಡಿತ್ತು. ಹುಲ್ಲಿನಲ್ಲಿ ಅಣಬೆ ಇನ್ನೂ ಏಳುತ್ತಿತ್ತು. ವಕೀಲರು ಅಂದೋಲಾಕ್ಕೆ ಫೋನು ಮಾಡಿ ಬೀಗರಿಂದ ಕ್ಯಾಲೆಂಡರ್ ತೆಗೆಸಿದರು. ಊರಿನಲ್ಲಿ ಪುಟ ಹರಿಯಲು ಹೋದರೆ ಮೊದಲ ಮನೆಯಲ್ಲೇ ತಡೆ ಬಂತು: “ಹಾಳಿ ಹರದ್ರ ಸೀಗಿ ಹುಣ್ಣಿಮಿ ಯಾವತ್ತ ಅಂತ ಯಾರನ್ನ ಕೇಳೂದ್ರಿ ಸಾಹೇಬ್ರ?” ಚಿತ್ರದ ಮೇಲೆ ಬೇರೆ ಚಿತ್ರ ಅಂಟಿಸುವುದೊಂದೇ ದಾರಿ ಎಂದೆ. ಒಪ್ಪಿದರು.

ಮರುದಿನ ಬೆಳಿಗ್ಗೆ ಅದೇ ರಸ್ತೆಬದಿಗೆ ಹೋದೆವು. ನಾನು ಕೊಡೆ ಬಿಚ್ಚಿದೆ. ಅವರು ಬಲಿತ ಅಣಬೆಯೊಂದನ್ನು ಬುಡಸಮೇತ ಕಿತ್ತು, ಬೋರಲಾಗಿ ಜೋಳದ ಚೀಲದ ಮೇಲಿಟ್ಟರು. ಕ್ಯಾಮೆರಾ ಇಡಲು ಜಾಗ ಉಳಿಯಲಿಲ್ಲ. ಮೊಣಕೈಗಳನ್ನು ಕೆಸರಿಗೆ ಊರಿ, ಕೈಯಲ್ಲೇ ಹಿಡಿದು ತೆಗೆದರು. ಒಂದಾದರೂ ಸ್ಪಷ್ಟ ಬರುವಷ್ಟರಲ್ಲಿ ನನ್ನ ಉಪಾಹಾರದ ಹೊತ್ತು ಮೀರಿತ್ತು.

ಮಧ್ಯಾಹ್ನ ಹೊಸ ಚಿತ್ರದ ಹಾಳೆಗಳು ಅಚ್ಚಾಗಿ ಬಂದವು. ಅವರ ಸ್ಕೂಟರಿನ ಹಿಂದೆ ನಾನು, ನನ್ನ ಮಡಿಲಲ್ಲಿ ಅಂಟಿನ ಡಬ್ಬಿ. ಮೊದಮೊದಲು, “ಒಂದು ಸಣ್ಣ ತಿದ್ದುಪಡಿ ಅದ್ರಿ,” ಎನ್ನುತ್ತ ಒಳಗೆ ಹೋಗುತ್ತಿದ್ದರು.

“ತಿದ್ದುಪಡಿ ಯಾರಿಗಿ ತಿಳೀತದ? ತಪ್ಪಾಗ್ಯಾದ ಅನ್ರಿ,” ಎಂದೆ.

ಮುಂದಿನ ಬಾಗಿಲಲ್ಲಿ ಹಾಗೆಯೇ ಅಂದರು. ಅಭ್ಯಾಸವಿಲ್ಲದ ಮಾತು, ತಡವರಿಸುತ್ತ ಬಂತು. ಭೀಮರಾಯನ ಮನೆಗೆ ಬರುವಷ್ಟರಲ್ಲಿ ಸರಾಗವಾಗಿತ್ತು.

ಆಮೇಲೆ ನಾವಿಬ್ಬರೂ ಜೊತೆಯಾಗಿ ಎಲ್ಲೂ ಹೋಗಲಿಲ್ಲ. ಸಂಕ್ರಾಂತಿಗೆ ಮೊದಲೇ ವಕೀಲರು ನಿದ್ದೆಯಲ್ಲೇ ತೀರಿಕೊಂಡರು. ಈಗ ನಾನು ಆರೂಕಾಲಕ್ಕೆ ಆ ರಸ್ತೆಯಲ್ಲಿ ನಿಲ್ಲದೆ ನಡೆಯುತ್ತೇನೆ, ನಿಲ್ಲಲು ಹೇಳುವವರಿಲ್ಲ.

ಚಿತ್ರ ಅಂಟಿಸುತ್ತ ಸುತ್ತಿದ ಆ ದಿನದ ಕೊನೆಯ ಕ್ಯಾಲೆಂಡರ್ ಘತ್ತರಗಿಯಲ್ಲಿ, ಗುಡಿಗೆ ಹೋಗುವ ದಾರಿಯ ಚಹಾದಂಗಡಿಯಲ್ಲಿತ್ತು. ಹೊತ್ತು ಮುಳುಗಿತ್ತು. ಅಂಗಡಿಯವ ಅಡ್ಡ ಬಂದ. “ಇದನ್ನ ಮುಚ್ಚಬ್ಯಾಡ್ರಿ ಸಾಹೇಬ್ರ. ನದಿಗಿ ಹೋಗೋ ಮಂದಿ ನಿಂತು ನೋಡಿ ಹೋಗ್ತಾರ. ಎಷ್ಟು ಚಂದ ತೆಗದೀರಿ.”

“ಅದಕ್ಕೇ ಮುಚ್ಚಾಕತ್ತೇನಿ. ಆಚಿ ಸರಿ ತಮ್ಮಾ,” ಎಂದರು ವಕೀಲರು.

ಅಂಟು ಸವರಿದರು. ಹಸಿರು ಪದರಗಳ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತ ಬಂದು, ತುದಿಗಳನ್ನು ಹೆಬ್ಬೆರಳಿನಿಂದ ತಿಕ್ಕಿದರು. ಹಿಗ್ಗಿಸಿ ನೋಡಲು ಅಲ್ಲಿ ಪರದೆಯಿರಲಿಲ್ಲ, ನೋಡುವ ಮನಸ್ಸೂ ಅವರಿಗೆ ಇದ್ದಂತಿರಲಿಲ್ಲ.

“ಸಿಸ್ಟರ್, ಜರಾ ಹೊರಗ ರಸ್ತಾದ ಮ್ಯಾಲ ನಿಂತು ನೋಡ್ರಿ. ಅಕ್ಷರ ಅಲ್ಲಿಗಿ ಕಾಣ್ತಾವೇನು?”

ನಾನು ಹೊರಗೆ ಹೋಗಿ, ರಸ್ತೆ ದಾಟಿ, ಆಚೆ ಬದಿಗೆ ನಿಂತೆ. ಒಂದು ಬಲ್ಬಿನ ಬೆಳಕಿನಲ್ಲಿ ಗಟ್ಟಿಯಾಗಿ ಓದಿದೆ: “ವಿಷ. ತಿನ್ನಬಾರದು.”

“ಕಾಣ್ತಾವ,” ಎಂದೆ.